ಪಹರೆ ಮನೆಯ ಮೂರು ತಟ್ಟೆ

ಪಹರೆ ಅನ್ನುವ ಮಾತಿನ ಅರ್ಥ ತಿಳಿಯಲು ನಮ್ಮ ಮನೆಗೆ ಬಿದ್ದ ಖರ್ಚು ಇಷ್ಟು: ಅಜ್ಜಿಯ ಒಂದು ಹುಂಜ, ನನ್ನ ಏಳನೇ ಕ್ಲಾಸಿನ ಒಂದು ಪೂರ್ತಿ ವರ್ಷ, ಮತ್ತು ಅಪ್ಪ ನನ್ನ ಜೊತೆ ಮಾತು ಬಿಟ್ಟು ಕಳೆದ ಹನ್ನೊಂದು ವಾರ. ಯಾಕೆ ಇಷ್ಟೊಂದು ಅಂದರೆ, ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಕೇಳಲಿಲ್ಲ. ಆಲ್ದೂರಿನಲ್ಲಿ ಅಂಗಡಿ ಹಾಕಿ, ಮೆಣಸು ಕಾಫಿ ಕೊಂಡು ಮಾರಿ ಕೂದಲು ಬೆಳ್ಳಗಾದ ಮೇಲೂ ಈ ವ್ಯಾಪಾರವನ್ನು ನೆನೆಸಿಕೊಂಡರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅಷ್ಟು ಕೆಟ್ಟ ವ್ಯಾಪಾರವನ್ನು ನಾನು ಆಮೇಲೆ ಯಾವತ್ತೂ ಮಾಡಲಿಲ್ಲ.

ಅಪ್ಪ ಹೂವಪ್ಪ, ಮಲ್ಲಂದೂರಿನ ಶಾಲೆಯಿಂದ ಮುಕ್ಕಾಲು ಗಂಟೆ ನಡೆಯುವಷ್ಟು ದೂರದ ಒಂದು ಎಸ್ಟೇಟಿನಲ್ಲಿ ಕಾಫಿ ಕಣ ಕಾಯುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು 'ವಾಚರ್' ಅಂತ. ಅಪ್ಪನಿಗೆ ಆ ಮಾತು ಕಂಡರೆ ಆಗುತ್ತಿರಲಿಲ್ಲ. "ವಾಚರ್ ಅಂದ್ರೆ ನೋಡೋನು. ದಾರೀಲಿ ಹೋಗೋ ನಾಯೀನೂ ನೋಡ್ತದೆ. ನಾನು ಪಹರೆಯವನು" ಅನ್ನುತ್ತಿದ್ದ. ಈಗಿನ ಸಾವ್ಕಾರರ ತಂದೆ, ಅಂದರೆ ದೊಡ್ಡ ಸಾವ್ಕಾರರು, ಬದುಕಿದ್ದಾಗ ಒಂದು ಸಲ ಅಪ್ಪನ ಹೆಗಲು ಮುಟ್ಟಿ "ನನ್ನ ಕಣದ ಪಹರೆ ಕಣಯ್ಯ ನೀನು" ಅಂದಿದ್ದರಂತೆ. ಜೊತೆಗೆ ಹಿತ್ತಾಳೆ ಗುಂಡಿಯ ಒಂದು ಖಾಕಿ ಕೋಟನ್ನೂ ಕೊಟ್ಟಿದ್ದರು. ಆ ಕೋಟನ್ನು ಅಪ್ಪ ಸುಡುಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಪಹರೆ ಅನ್ನುವುದು ಅರಮನೆ ಬಾಗಿಲಿನ ಮಾತು, ಈಟಿ ಹಿಡಿದು ರೆಪ್ಪೆ ಹೊಡೆಯದೆ ನಿಲ್ಲುವವನ ಮಾತು ಅಂತ ಅವನ ನಂಬಿಕೆ. ಅಜ್ಜಿ, ಅಂದರೆ ಅವನ ಅವ್ವ, ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ "ಪರರ ಹೊರೆ ಹೊರೋದಕ್ಕೆ ಪಹರೆ ಅಂತಾರೆ, ನನ್ನ ಮಗನಿಗೆ ಗೊತ್ತಿಲ್ಲ" ಅನ್ನುತ್ತಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಇನ್ನೂ ಚೊಕ್ಕವಾಗಿ ಹೇಳುತ್ತಿದ್ದರು: "ಇಂಗ್ಲಿಷಿನಲ್ಲಿ ವಾಚರ್, ಕನ್ನಡದಲ್ಲಿ ಪಹರೆ. ಸಂಬಳ ಎರಡಕ್ಕೂ ಒಂದೇ ಮಾರಾಯ."

ನಮ್ಮ ಮನೆ ಕಣದ ಅಂಚಿನಲ್ಲೇ ಇತ್ತು. ಒಂದು ಕೋಣೆ, ಒಂದು ಅಡಿಗೆಮನೆ, ಮುಂದೊಂದು ಜಗಲಿ. ಬೇರೆ ಮನೆಗಳಲ್ಲಿ ಒಲೆ ಗೋಡೆಗೆ ಮುಖ ಮಾಡಿಕೊಂಡಿರುತ್ತದೆ. ನಮ್ಮವ್ವನ ಒಲೆ ಕಿಟಕಿಗೆ ಮುಖ ಮಾಡಿಕೊಂಡಿತ್ತು, ಆ ಕಿಟಕಿಯನ್ನು ಅಪ್ಪ ಒಡೆದು ಬಾಗಿಲಷ್ಟು ಅಗಲ ಮಾಡಿದ್ದ. ರೊಟ್ಟಿ ತಟ್ಟುತ್ತಾ ತಲೆ ಎತ್ತಿದರೆ ಐದು ಪಟ್ಟೆ ಪಾರ್ಚ್‌ಮೆಂಟೂ ಕಾಣಬೇಕು, ಹಣ್ಣು ಸುಲಿದು ತೊಳೆದು ಹರವಿದ ಬಿಳೀ ಕಾಫಿ. ಹೊಗೆ ಹೊರಗೆ ಹೋಗುವ ಬದಲು ಗಾಳಿ ಒಳಗೆ ನುಗ್ಗಿ ಬೂದಿಯೆಲ್ಲ ಹಿಟ್ಟಿಗೆ ಬೀಳುತ್ತಿತ್ತು. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಬಚ್ಚಲಿನ ತಡಿಕೆಯಲ್ಲೂ ಕಣದ ಕಡೆಗೆ ಒಂದು ಕಿಂಡಿ. ನಾವು ನಾಲ್ಕು ಜನ, ಮನೆಯಲ್ಲಿ ಊಟದ ತಟ್ಟೆ ಮೂರೇ. ಬಡತನಕ್ಕಲ್ಲ, ತಟ್ಟೆ ಕೊಳ್ಳುವ ಶಕ್ತಿ ನಮಗಿತ್ತು. ನಾಲ್ಕನೆಯದು ಯಾವತ್ತೂ ಬೇಕಾಗಲಿಲ್ಲ, ಅಷ್ಟೇ. ಒಬ್ಬರು ಯಾವಾಗಲೂ ಕಣದಲ್ಲಿ. ಅವರು ಬಂದು, ಯಾರೋ ಉಂಡು ತೊಳೆದಿಟ್ಟ ತಟ್ಟೆಯಲ್ಲಿ ಉಣ್ಣುವುದು. ಹುರುಳಿ ಸಾರು ಹಬೆಯಾಡುವಾಗ ಅಪ್ಪ, ಬೆಚ್ಚಗಿರುವಾಗ ಅಜ್ಜಿ ಮತ್ತು ನಾನು, ತಣ್ಣಗಾದ ಮೇಲೆ ಅವ್ವ. ಸಾರು ಬಿಸಿಯಿದ್ದಾಗ ಹೇಗಿರುತ್ತದೆ ಅಂತ ಅವ್ವನನ್ನು ಕೇಳಿದ್ದರೆ ಹೇಳಲು ಅವಳಿಗೆ ಗೊತ್ತಾಗುತ್ತಿರಲಿಲ್ಲವೇನೋ.

ಕಾವಲು ಅಂದರೆ ರಾತ್ರಿಯ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. ರಾತ್ರಿ ಸುಲಭ. ಸಂಜೆ ಕಾಫಿಯನ್ನು ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಪಕ್ಕದಲ್ಲಿ ಕಂಬಳಿ ಹಾಸಿಕೊಂಡರೆ ಆಯಿತು. ಕಷ್ಟವಿದ್ದದ್ದು ಹಗಲಿಗೆ. ಹರವಿದ್ದನ್ನು ಗಂಟೆಗೊಮ್ಮೆ ಮರದ ಹಲ್ಲಿನ ಹಲುಬೆಯಲ್ಲಿ ಎಳೆದು ಮಗುಚಬೇಕು, ದನ ಅಟ್ಟಬೇಕು, ಕೋಳಿ ಓಡಿಸಬೇಕು, ಕಾಳು ಕಟ್ಟಿಕೊಂಡಾರೆಂದು ದಾರಿಯಲ್ಲಿ ಹೋಗುವವರ ಸೆರಗಿನ ಮೇಲೆ ಒಂದು ಕಣ್ಣು, ಆಕಾಶದ ಮೇಲೆ ಇನ್ನೊಂದು ಕಣ್ಣು. ರಾತ್ರಿ ಕಾದವನು ಹಗಲು ಮಲಗಬೇಕಲ್ಲ? ಮೊದಲು ಹಗಲಿಗೆ ದ್ಯಾವಣ್ಣ ಅಂತ ಬದಲಿ ಆಳೊಬ್ಬನಿದ್ದ. ಅವನಿಗೆ ಆಗಾಗ ಹೊಟ್ಟೆನೋವು. ಅವನು ಬಾರದ ದಿನ ಅವ್ವ ಹೋಗಿ ನಿಲ್ಲುತ್ತಿದ್ದಳು, ಅವ್ವನಿಗೆ ಒಲೆ ಇದ್ದಾಗ ಅಜ್ಜಿ, ಅಜ್ಜಿಗೆ ಸೊಂಟ ಹಿಡಿದಾಗ ನಾನು. ಒಂದು ಕಾಳೂ ಹೋಗದ ಹಾಗೆ ನೋಡಿಕೊಂಡೆವು. ಅದೇ ನಾವು ಮಾಡಿದ ದೊಡ್ಡ ದಡ್ಡತನ. ದ್ಯಾವಣ್ಣ ಇಲ್ಲದೆಯೂ ಕಣ ನಡೆಯುತ್ತದೆ ಅಂತ ರೈಟರಿಗೆ ಗೊತ್ತಾಯಿತು. ಮುಂದಿನ ಸುಗ್ಗಿಗೆ ಅವನನ್ನು ಕರೆಯಲೇ ಇಲ್ಲ. "ಹೂವಪ್ಪ ಒಬ್ಬನೇ ಸಾಕು, ಹಗಲೂ ರಾತ್ರಿ ನಿಭಾಯಿಸ್ತಾನೆ" ಅಂತ ಸಾವ್ಕಾರರು ಪಕ್ಕದ ಎಸ್ಟೇಟಿನವರ ಮುಂದೆ ಹೇಳಿಕೊಂಡರಂತೆ. ಅಪ್ಪ ಆ ಮಾತು ಕೇಳಿ ಕೋಟಿನ ಗುಂಡಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ. ನಮಗೆ ಒಂದು ಕಟ್ಟಪ್ಪಣೆಯೂ ಆಯಿತು. ಯಾರಾದರೂ ಮೇಲಿನವರು ಬಂದಾಗ ಕಣದಲ್ಲಿ ನಾವಿದ್ದರೆ, "ಅಪ್ಪ ಇಲ್ಲೇ ಸುತ್ತು ಹಾಕ್ತಿದಾರೆ" ಅನ್ನಬೇಕು. ಒಳಗೆ ಅವನು ಗೊರಕೆ ಹೊಡೆಯುತ್ತಿರುತ್ತಿದ್ದ. ನಾವು ಅದನ್ನೇ ಹೇಳುತ್ತಿದ್ದೆವು, ಗೊರಕೆ ಕೇಳಿಸದಿರಲೆಂದು ಹಲುಬೆಯನ್ನು ಜೋರಾಗಿ ಎಳೆಯುತ್ತಾ.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಬೆಳೆ ಜಾಸ್ತಿ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಹೀಗಾಗಿ ದೀಪಾವಳಿ ಕಳೆದು ಕುಯ್ಲು ಶುರುವಾದಾಗಿಂದ ವಾರದಲ್ಲಿ ಮೂರು ನಾಲ್ಕು ದಿನ ನಾನು ಶಾಲೆಗೆ ಚಕ್ಕರ್. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಹಾಜರಿ ಸಾಲದಿದ್ದರೆ ಕೂರಿಸುವುದಿಲ್ಲ. ನಮ್ಮ ಸುಗುಣ ಟೀಚರ್ ಒಂದು ದಿನ ನನ್ನನ್ನು ಮೇಜಿನ ಹತ್ತಿರ ಕರೆದರು.

"ಎಂತ ಸರೋಜ, ಶಾಲೆಯೋ ನೆಂಟರ ಮನೆಯೋ ಇದು? ನಿನ್ನೆ ಯಾಕೆ ಬರ್ಲಿಲ್ಲ?"

"ಪಹರೆ ಇತ್ತು ಟೀಚರ್."

"ಪಹರೆ ನಿನ್ನಪ್ಪಂದಲ್ವಾ?"

"ಅಪ್ಪ ಮಲಗಿದ್ರು ಟೀಚರ್."

ಟೀಚರ್ ನಗಲಿಲ್ಲ. ನಿಘಂಟು ತರಿಸಿದರು. ನನಗಾಗಿ ತರಿಸಿದರೋ, ಸಿಟ್ಟು ಇಳಿಯಲೆಂದು ತರಿಸಿದರೋ ಗೊತ್ತಿಲ್ಲ. ಅವರು ಹೇಳಿದ್ದು ಇಷ್ಟು. ನಾನು ಪಂಡಿತಳಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ. ಪಹರೆಯ ಮೂಲ ಸಂಸ್ಕೃತದ ಪ್ರಹರ. ಪ್ರಹರ ಅಂದರೆ ಮೊದಲಿಗೆ ಹೊಡೆತ, ಗಂಟೆಯ ಮೇಲೆ ಬೀಳುವ ಹೊಡೆತ. ಹಗಲು ರಾತ್ರಿ ಸೇರಿ ಎಂಟು ಪ್ರಹರ. ನಾವು ಜಾವ ಅನ್ನುತ್ತೇವಲ್ಲ, ಅದೇ. ಒಂದಕ್ಕೆ ಮೂರು ಗಂಟೆ. ಗಂಟೆ ಹೊಡೆದ ಕೂಡಲೇ ಬಾಗಿಲಲ್ಲಿದ್ದವನು ಹೋಗಿ ಇನ್ನೊಬ್ಬ ಬಂದು ನಿಲ್ಲಬೇಕು. ಆ ಮಾತು ಉತ್ತರದ ಕಡೆ ಹೋಗಿ, ಸಿಪಾಯಿಗಳ ಬಾಯಿಗೆ ಬಿದ್ದು, ಸವೆದು, ಪಹರೆ ಅಂತಾಗಿ ನಮ್ಮಲ್ಲಿಗೆ ವಾಪಸು ಬಂತು. "ಹೊತ್ತಿನ ಹೆಸರು ಕಾಯುವವನ ಹೆಸರಾಯ್ತು ನೋಡು. ಬದಲಿ ಬರುವವನು ಇದ್ದರೇ ಅದು ಪಹರೆ" ಅಂದರು ಟೀಚರ್. "ಇಲ್ಲದಿದ್ರೆ ಎಂತ ಟೀಚರ್?" ಅಂದೆ. ಅವರು ನಿಘಂಟು ಮುಚ್ಚಿ, "ಹಾಜರಿ ಪುಸ್ತಕ ನೋಡ್ಕೋ ಹೋಗು" ಅಂದರು.

ಮನೆಗೆ ಹೋಗಿ ನಾನು ಅದನ್ನು ಬಾಯಿಪಾಠದ ಹಾಗೆ ಒಪ್ಪಿಸಿದೆ. ಅಪ್ಪ ಆಗಷ್ಟೇ ಎದ್ದು ಬೆಲ್ಲದ ಕಾಫಿ ಕುಡಿಯುತ್ತಿದ್ದ.

"ಮೂರು ಗಂಟೆಯ ಆಳಾ ನಾನು? ಮೂರು ಗಂಟೆ ಹಸು ಮೇಯಿಸೋರಿಗೆ. ದೊಡ್ಡ ಸಾವ್ಕಾರ್ರು ನನಗೆ ಹಂಗೆ ಹೇಳಿದ್ರಾ?"

"ದೊಡ್ಡ ಸಾವ್ಕಾರ್ರು ನಿಘಂಟು ನೋಡಿರ್ಲಿಲ್ಲ" ಅಂದೆ.

"ನೋಡು, ನೋಡು! ಎರಡಕ್ಷರ ಬಂತು, ಸತ್ತವರ ಮೇಲೆ ನಾಲಗೆ!"

ಕಿಟಕಿಯಿಂದ ಅವ್ವ, ಕಣದ ಮೇಲಿನ ಕಣ್ಣು ತೆಗೆಯದೆ, ನಿಧಾನವಾಗಿ ಕೇಳಿದಳು: "ದಿನಕ್ಕೆ ಎಷ್ಟು ಅಂದ್ರು ಟೀಚರ್, ಎಂಟಾ? ಹಂಗಾದ್ರೆ ಇವರದ್ದು ನಾಲ್ಕು ಅಂತಿಟ್ಕೊ. ಉಳಿದ ನಾಲ್ಕು ಯಾರದ್ದು?" ಅಪ್ಪ ಲೋಟ ಕುಕ್ಕಿ ಹೊರಟುಹೋದ. ಅವನಿಗೆ ಕೆಲಸ ಹೆಚ್ಚಾಯಿತು ಅನ್ನುವ ಬೇಸರ ಇರಲಿಲ್ಲ, ಅದು ನನಗೆ ಆವಾಗ ಅರ್ಥವಾಗಲಿಲ್ಲ. ತಾನೊಬ್ಬನೇ ಕಾಯುತ್ತಿದ್ದೇನೆ ಅನ್ನುವುದೊಂದೇ ಅವನ ಆಸ್ತಿ. ಅದಕ್ಕೆ ನಾನು ಕೈ ಹಾಕಿದ್ದೆ.

ಪರೀಕ್ಷೆ ಹೋಗುತ್ತದೆ ಅನ್ನುವ ದಿಗಿಲು ನನಗೆ. ಹಗಲಿಗೆ ಒಬ್ಬ ಬದಲಿ ಆಳು ಬಂದರೆ ಸಾಕು, ನಾನು ಶಾಲೆಗೆ ಹೋಗಬಹುದು. ಅಪ್ಪನಿಗೆ ಗೊತ್ತಾಗದ ಹಾಗೆ ಅಜ್ಜಿಯ ಹತ್ತಿರ ಹೇಳಿಕೊಂಡೆ. ಅವಳು ತನ್ನ ಕೆಂಪು ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿಕೊಟ್ಟಳು. ಅದನ್ನು ಹೊತ್ತುಕೊಂಡು ರೈಟರ ಕ್ವಾರ್ಟರ್ಸಿಗೆ ಹೋದೆ. ಅವರು ಹುಂಜದ ಕಾಲು ಹಿಡಿದು ತೂಕ ನೋಡಿ, "ದ್ಯಾವಣ್ಣನ ವಿಷಯ ತಾನೆ? ಸಾವ್ಕಾರ್ರ ಕಿವಿಗೆ ಹಾಕ್ತೀನಿ, ನೀನು ನಿಶ್ಚಿಂತೆಯಾಗಿ ಹೋಗು ಪುಟ್ಟಿ" ಅಂದರು. ವಾರವಾಯಿತು. ದಾರಿಯಲ್ಲಿ ಸಿಕ್ಕಾಗ ಕೇಳಿದರೆ "ಹುಂಜ ಸ್ವಲ್ಪ ಮುದಿಯಾಗಿತ್ತು" ಅಂದರು. ಕೆಲಸ ಆಗುವ ಮೊದಲೇ ಮಾಲು ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು, ಅದೇ ಕೊನೆ.

ಆಮೇಲೆ ನಾನೇ ಕಾದು ಕೂತೆ. ಸಾವ್ಕಾರರು ವಾರಕ್ಕೊಮ್ಮೆ ಕಣಕ್ಕೆ ಬಂದು, ನಾಲ್ಕು ಕಾಳು ಬಾಯಿಗೆ ಹಾಕಿ, ಕಚ್ಚಿ ಒಣಗಿದೆಯೋ ನೋಡುತ್ತಿದ್ದರು. ಅವರ ಹಿಂದೆ ರೈಟರು, ಪಕ್ಕದಲ್ಲಿ ಕೋಟು ತೊಟ್ಟು ನಿಂತ ಅಪ್ಪ. ಅವರು ಕಾಳು ಉಗುಳಿದ ಕೂಡಲೇ ನಾನು ಮುಂದೆ ಹೋದೆ.

"ಸಾರ್, ಪಹರೆ ಅಂದ್ರೆ ಪ್ರಹರ ಸಾರ್. ಮೂರು ಗಂಟೆ. ಅದಾದ ಮೇಲೆ ಇನ್ನೊಬ್ರು ಬರಬೇಕು ಸಾರ್."

ಸಾವ್ಕಾರರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. "ಅಲೆಲೆ! ರೈಟ್ರೇ, ಗೊತ್ತಿತ್ತಾ ನಿಮಗೆ? ಪ್ರಹರ ಅಂತೆ! ನಮ್ಮ ಕಣದಲ್ಲಿ ಪಂಡಿತರು ಬೆಳೀತಿದಾರೆ ಮಾರಾಯ್ರೇ." ನನ್ನ ತಲೆ ತಟ್ಟಿದರು. "ಹೂವಪ್ಪ, ಈ ಹುಡುಗೀನ ಬಿಡಿಸಬೇಡ, ಓದಿಸು" ಅಂದು ಜೀಪು ಹತ್ತಿದರು. ಜೀಪಿನೊಳಗೂ "ಪ್ರಹರ, ಪ್ರಹರ" ಅಂತ ನಗುತ್ತಿದ್ದದ್ದು ಕೇಳಿಸಿತು. ನಾನು ಕೇಳಿದ್ದು ಒಬ್ಬ ಆಳು, ಸಿಕ್ಕಿದ್ದು ಶಹಬ್ಬಾಸ್. ಹೊಗಳಿಕೆ ಕೊಟ್ಟು ಕಳಿಸುವ ಗಿರಾಕಿಗಳನ್ನು ಆಮೇಲೆ ಅಂಗಡಿಯಲ್ಲಿ ನಾನು ಬಹಳ ನೋಡಿದ್ದೇನೆ. ಅವರಿಗೆ ಕೂರಲು ಕುರ್ಚಿ ಕೊಡುತ್ತೇನೆ, ಮಾಲು ಕೊಡುವುದಿಲ್ಲ. ಅಪ್ಪ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ನೀರು ಬೇಕಾದರೆ "ಈ ಮನೇಲಿ ಯಾರಾದ್ರೂ ನೀರು ಕೊಡೋರು ಇದಾರಾ" ಅಂತ ಗೋಡೆಯನ್ನು ಕೇಳುತ್ತಿದ್ದ.

ಆದರೆ ಸಾವ್ಕಾರರು "ಓದಿಸು" ಅಂದದ್ದನ್ನು ಅವ್ವ ಕಿಟಕಿಯಿಂದ ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ನನ್ನ ಜಡೆ ಹಾಕಿ, ಬುತ್ತಿಗೆ ರೊಟ್ಟಿ ಕಟ್ಟಿ, ಅಪ್ಪನ ಎದುರಿಗೇ ಚೀಲ ಹೆಗಲಿಗೆ ಹಾಕಿದಳು.

"ಇದೆಂತದು? ಕಣ ಯಾರು ನೋಡ್ತಾರೆ?" ಅಂದ ಅಪ್ಪ, ಗೋಡೆಗೆ.

"ಸಾವ್ಕಾರ್ರೇ ಬಾಯಿಬಿಟ್ಟು ಓದಿಸು ಅಂದಿದಾರೆ. ಅವರ ಮಾತು ಮೀರೋಕಾಗ್ತದಾ? ನೀವೇ ಹೇಳಿ."

"ನೀನಿದ್ದೀಯಲ್ಲ?"

"ನಾನು ಹಣ್ಣು ಕುಯ್ಯೋಕೆ ಹೋಗ್ತೀನಿ. ಮೇಸ್ತ್ರಿ ಕರೆದು ಹದಿನೈದು ದಿನ ಆಯ್ತು. ಅಲ್ಲಾದ್ರೆ ಕೂಲಿ ಬರ್ತದೆ."

ಅಜ್ಜಿ ಜಗಲಿಯಿಂದಲೇ, "ನನ್ನ ನೋಡಬೇಡಪ್ಪ. ನನಗೆ ಹಸುವೂ ಒಂದೇ, ರೈಟರೂ ಒಂದೇ ಕಾಣ್ತಾರೆ" ಅಂದಳು.

ಅಪ್ಪ ಹಟಕ್ಕೆ ಬಿದ್ದ. ಎರಡು ದಿನ ಹಗಲೂ ರಾತ್ರಿ ಕಣ ಬಿಟ್ಟು ಕದಲಲಿಲ್ಲ. ಅವ್ವ ಬೆಳಿಗ್ಗೆ ಮಾಡಿಟ್ಟು ಹೋದ ಕಡುಬನ್ನು ನಿಂತುಕೊಂಡೇ ತಿಂದ. ಕಣ್ಣು ಕೆಂಡವಾಗಿತ್ತು. ನಾನು ಶಾಲೆಯಿಂದ ಬಂದು ಹಲುಬೆಗೆ ಕೈ ಹಾಕಿದರೆ ಕಿತ್ತುಕೊಂಡ. ಮೂರನೇ ದಿನ ಮಧ್ಯಾಹ್ನ, ಆ ತಿಂಗಳಿನಲ್ಲಿ ಬರಬಾರದ ಮೋಡ ಗುಡ್ಡದ ಹಿಂದಿನಿಂದ ಎದ್ದು ಬಂತು. ಐದು ಪಟ್ಟೆ, ಐದು ಟಾರ್ಪಾಲು, ಎರಡು ಕೈ. ಟಾರ್ಪಾಲಿಗೆ ಎರಡು ತುದಿಯಲ್ಲಿ ಇಬ್ಬರು ಬೇಕು. ಒಬ್ಬನೇ ಎಳೆದರೆ ಗಾಳಿ ಅದನ್ನು ಮಗುಚುತ್ತದೆ. ಮೂರು ಪಟ್ಟೆ ಮುಚ್ಚುವಷ್ಟರಲ್ಲಿ ಹನಿ ಬಿತ್ತು. ಬಂದದ್ದು ಹತ್ತೇ ನಿಮಿಷದ ಮಳೆ, ಆದರೆ ಎರಡು ಪಟ್ಟೆ ಕಾಫಿ ನೆನೆದುಹೋಯಿತು. ಮಳೆ ಕಂಡು ಕುಯ್ಲು ಬಿಟ್ಟು ಓಡಿಬಂದ ಅವ್ವನೂ, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಬಂದ ನಾನೂ ನೋಡುವಾಗ ಅಪ್ಪ ಒದ್ದೆ ಕಾಫಿಯ ನಡುವೆ ಕೂತು ಬರಿಗೈಯಲ್ಲಿ ನೀರು ಬಳಿಯುತ್ತಿದ್ದ, ಕೋಟು ತೊಪ್ಪೆಯಾಗಿತ್ತು.

ಸಾವ್ಕಾರರು ಬಂದರು. ಈ ಸಲ ನಗಲಿಲ್ಲ. "ಇಷ್ಟು ವರ್ಷ ಒಂದು ಕಾಳು ನೆನೆದಿರ್ಲಿಲ್ಲ. ಎಂತ ಆಯ್ತು ನಿನಗೆ? ಕುಡಿದಿದ್ಯಾ?" ಅಂದರು. ಅಪ್ಪ ಯಾವತ್ತೂ ಒಂದು ತೊಟ್ಟು ಕುಡಿದವನಲ್ಲ. ಸುಮ್ಮನಿದ್ದರೆ ಕುಡಿದಿದ್ದ ಅಂತಾಗುತ್ತದೆ, ಬಾಯಿ ಬಿಟ್ಟರೆ ಇಷ್ಟು ವರ್ಷದ ಮಾತು ಸುಳ್ಳಾಗುತ್ತದೆ. ಕೊನೆಗೆ ನೆಲ ನೋಡುತ್ತಾ ಹೇಳಿದ:

"ಇಷ್ಟು ದಿನ ಕಾದಿದ್ದು ನಾನೊಬ್ನೇ ಅಲ್ಲ ಸಾರ್. ನಾವು ನಾಲ್ಕು ಜನ."

ರೈಟರು "ಎಲ್ಲ ನೆವ" ಅಂತ ಶುರು ಮಾಡಿದರು. ಸಾವ್ಕಾರರು ಕೈ ಎತ್ತಿ ನಿಲ್ಲಿಸಿದರು. ಅವರು ಕೆಟ್ಟವರಲ್ಲ, ಲಾಭ ನಷ್ಟ ಗೊತ್ತಿದ್ದವರು. ಒಂದು ಕ್ಷಣ ಒದ್ದೆ ಪಟ್ಟೆಗಳನ್ನು ನೋಡಿ, "ಹಗಲಿಗೆ ಗಿರಿಜಮ್ಮನೇ ಇರ್ಲಿ ಹಂಗಾದ್ರೆ. ಹೆಸರು ಬರೀರಿ. ಹೆಂಗಸಲ್ವಾ, ಅರ್ಧ ಕೂಲಿ ಹಾಕಿ" ಅಂದರು. ಗಿರಿಜಮ್ಮ ನಮ್ಮವ್ವ. ಸಾವ್ಕಾರರ ಎದುರು ಅವಳು ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಅವಳು ಹೇಳಿದಳು:

"ಆಗ್ಲಿ ಸಾರ್. ಅರ್ಧ ಕೂಲಿಗೆ ಅರ್ಧ ಕಣ ಕಾಯ್ತೀನಿ. ಯಾವ ಅರ್ಧ ಅಂತ ನೀವೇ ಗೆರೆ ಎಳೆದು ಹೇಳಿಬಿಡಿ."

ನನಗೆ ಚೌಕಾಸಿ ಮಾಡಲು ಯಾರು ಕಲಿಸಿದರು ಅಂತ ಪೇಟೆಯವರು ಕೇಳುತ್ತಾರೆ. ಸಾವ್ಕಾರರು ರೈಟರಿಗೆ ಪುಸ್ತಕದ ಕಡೆ ಕೈ ತೋರಿಸಿದರು. ರೈಟರು ಪುಸ್ತಕ ಬಿಚ್ಚಿ, ಅಪ್ಪನ ಹೆಸರಿನ ಕೆಳಗೆ ಅವ್ವನ ಹೆಸರು ಬರೆದು, ಪೂರ್ತಿ ಕೂಲಿ ಹಾಕಿದರು.

ನನ್ನ ಪರೀಕ್ಷೆಯ ಮಟ್ಟಿಗೆ ಇದೆಲ್ಲ ತಡವಾಗಿಹೋಗಿತ್ತು. ಉಳಿದ ದಿನಗಳಲ್ಲಿ ಒಂದೂ ಬಿಡದೆ ಹೋದೆ, ಆದರೂ ಹಾಜರಿ ಸಾಲಲಿಲ್ಲ, ಕೂರಿಸಲಿಲ್ಲ. ನನ್ನ ಜೊತೆಯವರು ಪಾಸಾಗಿ ಮುಂದೆ ಹೋದರು, ನಾನು ಕಿರಿಯ ಹುಡುಗಿಯರ ಜೊತೆ ಅದೇ ಬೆಂಚಿನಲ್ಲಿ ಇನ್ನೊಂದು ವರ್ಷ ಕೂತೆ. ಮುಂದಿನ ವರ್ಷ ಪಾಸಾದೆ. ಟೀಚರ್ ಸಿಹಿ ಕೊಟ್ಟರು. ನನಗೆ ಸಿಟ್ಟು ಹೋಗಿರಲಿಲ್ಲ, ಆದರೂ ತಿಂದೆ.

ಅಪ್ಪನ ಮೌನ ಮುರಿದದ್ದು ಮಳೆ ಬಿದ್ದ ಆ ಸುಗ್ಗಿಯ ಕಡೆಯಲ್ಲೇ, ಒಂದು ಭಾನುವಾರ. ಕಣದಲ್ಲಿ ಅವ್ವ, ಅವಳ ಹೊತ್ತು. ಅಪ್ಪನಿಗೆ ನಿದ್ದೆ ಮುಗಿದು ಎಚ್ಚರವಾಗಿತ್ತು, ಕೆಲಸವಿರಲಿಲ್ಲ. ಕೆಲಸವಿಲ್ಲದ ಹಗಲನ್ನು ಏನು ಮಾಡಬೇಕು ಅಂತ ಅವನಿಗೆ ಗೊತ್ತಿಲ್ಲ. ಒಳಗೆ ಹೋದ, ಹೊರಗೆ ಬಂದ, ಜಗಲಿಯಲ್ಲಿ ಕೂತು ಹಳೇ ಚಾಳಿಯಂತೆ ಕಣವನ್ನೇ ನೋಡತೊಡಗಿದ. ಅಲ್ಲಿಂದಲೇ ಅವ್ವ ಕೂಗಿದಳು: "ಇದು ನಿಮ್ಮ ಹೊತ್ತಲ್ಲ ಕಣ್ರೀ! ಆ ಕಡೆ ತಿರುಗಿ ಕೂತ್ಕೊಳ್ಳಿ!" ಅಪ್ಪ ನಿಜವಾಗಿಯೂ ತಿರುಗಿ ಕೂತ, ಗೋಡೆಗೆ ಮುಖ ಮಾಡಿ. ಆಮೇಲೆ ಕತ್ತು ತಿರುಗಿಸಿ, ಓದುತ್ತಾ ಕೂತಿದ್ದ ನನ್ನನ್ನು ನೋಡಿ, ಗೋಡೆಯನ್ನಲ್ಲ, ನನ್ನನ್ನೇ ಕೇಳಿದ:

"ಮೂರು ಗಂಟೆ ಅಂದ್ರಲ್ಲ ನಿಮ್ಮ ಟೀಚರು. ಅದರಲ್ಲಿ ಇನ್ನೆಷ್ಟು ಉಳಿದದೆ?"

ಈಗ ನನ್ನ ಗೋಡೌನಿಗೂ ಕಾವಲು ಬೇಕು. ಏಜೆನ್ಸಿಯವರು ಸಮವಸ್ತ್ರ ಹಾಕಿಸಿ ಜನ ಕಳಿಸುತ್ತಾರೆ, ಅವರನ್ನು ಸೆಕ್ಯೂರಿಟಿ ಅನ್ನುತ್ತಾರೆ. ಹೆಸರು ಬದಲಾದಷ್ಟು ಬೇಗ ಉಳಿದದ್ದು ಬದಲಾಗುವುದಿಲ್ಲ. ಹಾಗಾಗಿ ಜನ ಇಟ್ಟುಕೊಳ್ಳುವವರಿಗೆ ನನ್ನದೊಂದು ಮಾತು: ಸಂಬಳ ಮಾತಾಡುವ ಮೊದಲು, "ನೀನು ಉಣ್ಣಲು ಹೋದಾಗ ಇಲ್ಲಿ ಯಾರಿರ್ತಾರೆ" ಅಂತ ಕೇಳಿ. "ಮನೆಯವರು ಇರ್ತಾರೆ" ಅಂದರೆ ಖುಷಿಪಡಬೇಡಿ, ಪುಕ್ಕಟೆ ಕಾವಲು ಮಳೆ ಬಂದ ದಿನ ಇರುವುದಿಲ್ಲ. ಕಾಯುವ ಕೆಲಸಕ್ಕೆ ಸೇರುವವರೇ, ನಿಮ್ಮೊಬ್ಬರಿಂದ ಆಗದ್ದನ್ನು ಆಗುತ್ತದೆ ಅಂತ ತೋರಿಸಬೇಡಿ; ತೋರಿಸಿದ ಮರುವರ್ಷ ಬದಲಿ ಆಳನ್ನು ತೆಗೆಯುತ್ತಾರೆ. ಇನ್ನು ಮನೆಯೊಳಗಿನ ಹೆಂಗಸರಿಗೆ: ಗಂಡನ ಕೆಲಸವನ್ನು ಒಂದು ದಿನ ಮಾಡಿದರೆ ಅದು ಸಹಾಯ, ಒಂದು ಸುಗ್ಗಿ ಮಾಡಿದರೆ ಅದು ನಿಮ್ಮ ಕೆಲಸ. ಅದಕ್ಕೆ ನಿಮ್ಮ ಹೆಸರು ಬರೆಸಿ. ಪೆನ್ಸಿಲಿನಲ್ಲಿ ಬೇಡ, ಪೆನ್ನಿನಲ್ಲಿ. ಬರೆದದ್ದನ್ನು ಅಲ್ಲೇ ನಿಂತು ಓದಿ. ಓದಲು ಬಾರದಿದ್ದರೆ ಮಗಳನ್ನು ಕರೆದುಕೊಂಡು ಹೋಗಿ, ಶಾಲೆ ಬಿಟ್ಟ ಮೇಲೆ.